ಹೊಟ್ಟೆ ಕೊಯ್ದರೆ ಸಾಲದು

ಬೊಜ್ಜಿನ ಆಪರೇಷನ್ ಮಾಡಿಸಿಕೊಂಡು ತೂಕ ಇಳಿಸಿದ ಹೆಣ್ಣುಮಗಳ ಬಗ್ಗೆ ನಮ್ಮ ಸೀಮೆಯಲ್ಲಿ ಎರಡು ಮಾತು ತಯಾರಾಗಿರುತ್ತವೆ. ಒಂದು, ‘ರೊಕ್ಕ ಇತ್ತು, ಕೊಯ್ಸಿಕೊಂಡ್ಲು.’ ಇನ್ನೊಂದು, ‘ಬಾಯಿ ಕಟ್ಟಿದ್ರ ಸಾಕಿತ್ತಲ್ಲ, ಹೊಟ್ಟಿ ಯಾಕ ಕೊಯ್ಸಬೇಕಿತ್ತು?’ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಶಾಲೆಗಳಲ್ಲಿ ಪಾಠ ಹೇಳಿದವಳು ನಾನು. ಪರಿಚಯದವರು ನಾಲ್ಕೂ ಕಡೆ ಇದ್ದಾರೆ, ಎರಡೂವರೆ ವರ್ಷದಿಂದ ಈ ಎರಡೂ ಮಾತನ್ನು ನಾಲ್ಕೂ ಕಡೆ ಕೇಳಿದ್ದೇನೆ. ಮೊದಲಿನದು ಹೊಟ್ಟೆಕಿಚ್ಚಿನ ಮಾತು, ಅದಕ್ಕೆ ಮದ್ದಿಲ್ಲ. ಎರಡನೆಯದು ತಿಳಿಯದವರ ಮಾತು. ಅದಕ್ಕೆ ಉತ್ತರ ಹೇಳುವುದು ಕಲಿಸುವ ಕೆಲಸದವಳ ಕರ್ತವ್ಯ.

ನನ್ನ ಲೆಕ್ಕವನ್ನೇ ಮುಂದಿಡುತ್ತೇನೆ. ಎತ್ತರ 152 ಸೆಂ.ಮೀ., ತೂಕ 104 ಕೆ.ಜಿ. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ 45 ಬರುತ್ತದೆ. 12 ವರ್ಷದ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್, ಮೆಟ್ಟಿಲು ಹತ್ತಲಾರದ ಮೊಣಕಾಲು. ಬಾಯಿಯನ್ನೂ ಕಟ್ಟಿದ್ದೆ. ಒಂದು ವರ್ಷ ಎಂಟು ಕಿಲೋ ಇಳಿದರೆ ಮರುವರ್ಷ ಹತ್ತು ಕಿಲೋ ಏರುತ್ತಿತ್ತು. ತೂಕ ಇಳಿದಂತೆ ದೇಹ ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ. ಇದು ದೇಹದ ಸ್ವಭಾವ, ನಾಲಿಗೆಯ ಚಪಲವೆಂದು ಬಯ್ದರೆ ಬದಲಾಗುವುದಿಲ್ಲ. ಬೊಜ್ಜಿನ ಚಿಕಿತ್ಸೆಗೆ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆದರೂ ಆ ಭಾಗಾಕಾರ 40 ಮುಟ್ಟಿದವರಿಗೆ, ಅಥವಾ 35 ಮುಟ್ಟಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದವರಿಗೆ, ಬೇರೆ ಉಪಾಯಗಳು ಸೋತ ಮೇಲೆ ವೈದ್ಯರು ಹೇಳಿದ್ದರೆ, ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವೇ ದಾರಿ ಬಿಟ್ಟಿದೆ. ನಿತಿನ್ ಗಡ್ಕರಿಯವರು 2011ರಲ್ಲಿ, ಅರುಣ ಜೇಟ್ಲಿಯವರು ಅರ್ಥಮಂತ್ರಿಯಾಗಿದ್ದಾಗ 2014ರಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರಿಗೆ ‘ಬಾಯಿ ಕಟ್ಟಬೇಕಿತ್ತು’ ಎಂದು ನಮ್ಮೂರ ಕಟ್ಟೆಯ ಮೇಲೆ ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಆ ಉಪದೇಶ ಹೆಂಗಸರಿಗೇ ಮೀಸಲು.

ಹೆದರಿಸಿದವರೂ ಬಹಳ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬೆನ್ನಿಗೇ ತೀರಿಕೊಂಡರು. ಅದು ಚರ್ಮದಡಿಯ ಕೊಬ್ಬನ್ನು ತೆಗೆಯುವ ಚಿಕಿತ್ಸೆ. ನನ್ನದು ಕಾಯಿಲೆಗಾಗಿ ಜಠರವನ್ನೇ ಚಿಕ್ಕದು ಮಾಡಿದ್ದು. ಅಪಾಯ ಎರಡರಲ್ಲೂ ಉಂಟು, ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನನ್ನ ಜಠರದ ಸುಮಾರು ಮುಕ್ಕಾಲು ಪಾಲು ತೆಗೆದಿದ್ದಾರೆ. ಉಳಿದದ್ದು ಬಾಳೆಹಣ್ಣಿನ ಆಕಾರದ ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹಳಷ್ಟು ತಯಾರಾಗುವುದು ತೆಗೆದುಹಾಕಿದ ಭಾಗದಲ್ಲೇ, ಹಾಗಾಗಿ ಹಸಿವೂ ತಗ್ಗುತ್ತದೆ. ಮೊದಲ ಎರಡು ವಾರ ಬೇಳೆಯ ಕಟ್ಟು, ಮಜ್ಜಿಗೆ. ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು. ರೊಟ್ಟಿ ಮುರಿಯಲು ಎರಡು ತಿಂಗಳು ಹಿಡಿಯಿತು. ಮೂರನೆಯ ತಿಂಗಳಿಂದ ಕೂದಲು ಉದುರಿತು, ಮತ್ತೆ ಬಂತು. ಇನ್ನು ಜೀವ ಇರುವತನಕದ ನೇಮ ಹೀಗೆ: ಸಣ್ಣ ತುತ್ತು, ನಿಧಾನ ಊಟ, ಊಟದ ಜೊತೆ ನೀರಿಲ್ಲ, ಉಂಡು ಅರ್ಧ ತಾಸಾದ ಮೇಲೆ ನೀರು. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೋಟೀನು. ಬಿ12, ಡಿ, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳು ಮತ್ತು ತಪ್ಪದೆ ರಕ್ತ ತಪಾಸಣೆ. ಈಗ ನನ್ನ ತೂಕ 71, ಇನ್ಸುಲಿನ್ ನಿಂತಿದೆ. ಇದನ್ನು ಸುಲಭದ ದಾರಿ ಎನ್ನುವವರು ಒಂದು ವಾರ ಈ ನೇಮ ಹಿಡಿದು ನೋಡಲಿ.

ಸರ್ಜನ್‌ರ ಕೆಲಸ ಒಂದೆರಡು ತಾಸಿನದು. ನಿಜವಾದ ಜಗಳ ಮನೆಯ ಪಂಕ್ತಿಯಲ್ಲಿ.

ನಮ್ಮ ಮನೆಗಳಲ್ಲಿ ಹೆಂಗಸರು ಉಣ್ಣುವುದು ಕಡೆಗೆ. ಗಂಡಸರು, ಮಕ್ಕಳು, ಬೀಗರು ಎದ್ದ ಮೇಲೆ ಬುಟ್ಟಿಯಲ್ಲಿ ರೊಟ್ಟಿ ಇರುತ್ತದೆ, ಮಡಕಿಕಾಳಿನ ಪಲ್ಯದ ಬೋಗುಣಿ ಬರಿದಾಗಿರುತ್ತದೆ, ಮೊಸರು ತಳ ಕಂಡಿರುತ್ತದೆ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಪ್ರೋಟೀನು ಸುಮಾರು 10 ಗ್ರಾಂ ಮಾತ್ರ. ಅರ್ಧ ರೊಟ್ಟಿಗೇ ತುಂಬುವ ಹೊಟ್ಟೆಯವಳು ರೊಟ್ಟಿ ಮತ್ತು ಖಾರಬ್ಯಾಳಿ ಉಂಡು 60 ಗ್ರಾಂ ಎಲ್ಲಿಂದ ತರಬೇಕು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ 24 ಮಂದಿಗೆ ತೂಕ ಹೆಚ್ಚು, 57 ಮಂದಿಗೆ ರಕ್ತಹೀನತೆ. ಬೊಜ್ಜು ಎಂದರೆ ಉಂಡು ಕೊಬ್ಬಿದವರ ರೋಗ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಓದಲಿ. ಹೊಟ್ಟೆ ತುಂಬುವುದು ಬೇರೆ, ಉಂಡದ್ದು ಮೈಗೆ ಹತ್ತುವುದು ಬೇರೆ.

ಇನ್ನು ಪ್ರಸಾದದ ಮಾತು. ತಾಟಿನಲ್ಲಿ ಅಗುಳು ಬಿಡಬಾರದು, ಉಂಡಾದ ಮೇಲೆ ತಾಟು ತೊಳೆದು ಆ ನೀರು ಕುಡಿಯಬೇಕು ಎಂಬ ರೂಢಿಯಲ್ಲಿ ಬೆಳೆದವಳು ನಾನು. ‘ಪ್ರಸಾದಕ್ಕ ಅಪಮಾನ ಮಾಡಬ್ಯಾಡವಾ’ ಎಂದು ನಮ್ಮ ಅತ್ತೆಯವರು ಇಂದಿಗೂ ಅನ್ನುತ್ತಾರೆ. ಅವರ ಭಕ್ತಿಗೆ ನನ್ನ ಶರಣು. ಆದರೆ ಬಸವಣ್ಣನವರು ಹುಟ್ಟಿದ ನೆಲದಲ್ಲಿ ಕೇಳುತ್ತೇನೆ: ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ಗಂಡ ಆಯ್ದು ತಂದಾಗ, ಅದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮ ಯಾರು? ಬೇಕಾದಷ್ಟೇ ಬಡಿಸಿಕೊಳ್ಳುವುದು ಶರಣರ ದಾರಿಯೇ. ಹೆಚ್ಚು ಬೇಯಿಸಿ, ಉಳಿದದ್ದನ್ನು ಮನೆಯಾಕೆಯ ಹೊಟ್ಟೆಗೆ ಹಾಕುವುದಕ್ಕೆ ಪ್ರಸಾದದ ಹೆಸರು ಕೊಡಬೇಡಿರಿ. ಹೆಣ್ಣುಮಗಳ ಹೊಟ್ಟೆ ಮುಸುರೆಯ ಬಾನಿಯಲ್ಲ.

ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. ಮುದ್ದೇಬಿಹಾಳದ ಕಡೆಯ ಒಬ್ಬಾಕೆ ನನ್ನ ಹಿಂದೆಯೇ ಈ ಆಪರೇಷನ್ ಮಾಡಿಸಿಕೊಂಡಳು. ಮನೆಗೆ ಬಂದ ಮೇಲೆ ಎಲ್ಲರ ಊಟ ಮುಗಿಸಿ, ನಿಂತುಕೊಂಡೇ ಗಬಗಬ ನುಂಗಿ ಪಾತ್ರೆಗೆ ಹೋಗುವುದೇ ರೂಢಿಯಾಯಿತು. ವಾಂತಿ ಶುರುವಾಯಿತು. ‘ಹೊಟ್ಟಿ ಕೊಯ್ದಾರ, ಇದೆಲ್ಲಾ ಇರೂದ’ ಎಂದು ಮನೆಯವರು ಮೂರು ವಾರ ಬಿಟ್ಟರು. ಬಿಡದ ವಾಂತಿಯಿಂದ ಬಿ1 ಜೀವಸತ್ವ ತೀರಿ ನರಗಳಿಗೂ ಮಿದುಳಿಗೂ ಪೆಟ್ಟು ಬೀಳುತ್ತದೆ. ಆಕೆ ಇಂದು ಗೋಡೆ ಹಿಡಿದು ನಡೆಯುತ್ತಾಳೆ. ಆಪರೇಷನ್ ಕೆಟ್ಟಿತು ಎಂದು ಊರು ಆಡಿತು. ಕೆಟ್ಟದ್ದು ಮನೆಯ ಪದ್ಧತಿ.

ಆಸ್ಪತ್ರೆಯವರೂ ಈ ಹೊಣೆಯಿಂದ ಪಾರಾಗಲಾರರು. ನನಗೆ ಕೊಟ್ಟ ಪಥ್ಯದ ಹಾಳೆ ಇಂಗ್ಲಿಷಿನದು. ಅದರಲ್ಲಿ ಬ್ರೋಕೋಲಿ, ಟೋಫು, ಓಟ್ಸ್. ಸಿಂದಗಿಯ ಸಂತೆಯೋ, ಇಂಡಿಯ ಸಂತೆಯೋ, ಅಲ್ಲಿ ಸಿಗುವುದು ಹೆಸರು, ಮಡಕಿ, ಅಲಸಂದಿ, ಪುಟಾಣಿ. ಬಿಎ ಬಿಇಡಿ ಓದಿದ ನಾನು ಹೇಗೋ ಲೆಕ್ಕ ಹೊಂದಿಸಿಕೊಂಡೆ. ಶಾಲೆಯ ಮೆಟ್ಟಿಲು ಹತ್ತದ ತಾಯಿ ಏನು ಮಾಡಬೇಕು? ಕನ್ನಡದಲ್ಲಿ, ರೊಟ್ಟಿ-ಪಲ್ಯದ ಲೆಕ್ಕದಲ್ಲಿ ಪಥ್ಯ ಬರೆದು ಕೊಡಿರಿ. ಸಹಿ ಹಾಕಿಸಿಕೊಳ್ಳುವ ಮುಂಚೆ ಗಂಡನನ್ನೂ ಅತ್ತೆಯನ್ನೂ ಕೂಡಿಸಿಕೊಂಡು ಹೇಳಿರಿ.

ಮನೆಯವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಆಕೆಯನ್ನು ಮೊದಲ ಪಂಕ್ತಿಗೆ ಕೂಡಿಸಿರಿ. ಮೊದಲು ಕಾಳು-ಮೊಸರು ಬಡಿಸಿ ಆಮೇಲೆ ರೊಟ್ಟಿ ನೀಡಿರಿ. ಅರ್ಧ ತಾಸು ಆಕೆಯನ್ನು ಎಬ್ಬಿಸಬೇಡಿರಿ. ರಕ್ತ ತಪಾಸಣೆಯ ಖರ್ಚನ್ನು ಬೀಜ-ಗೊಬ್ಬರದ ಖರ್ಚಿನಂತೆ ತೆಗೆದಿಡಿರಿ. ಎಳ್ಳಮವಾಸ್ಯೆಗೆ ಹೊಲಕ್ಕೆ ಕರೆದರೆ ಸಂತೋಷದಿಂದ ಬರುತ್ತೇವೆ. ಭಜ್ಜಿ ಪಲ್ಯ ಎರಡು ಚಮಚ, ಕಡುಬು ಅರ್ಧ. ‘ಇನ್ನೊಂದು ಹಾಕಿಸ್ಕೋರಿ ಅಕ್ಕೋರ, ನಮ್ಮಾಣಿ’ ಎಂದು ಮಾತ್ರ ಅನ್ನಬೇಡಿರಿ. ನಿಮ್ಮ ಆಣೆಗಿಂತ ನಮ್ಮ ಜೀವ ದೊಡ್ಡದು.