ಪಟ್ಟಿಯಲ್ಲಿ ಇಲ್ಲದವರು

ಈ ಸಲದ ಸ್ಮರಣ ಸಂಚಿಕೆಗೆ ‘ನಾನು ಮೆಚ್ಚಿದ ಮುಂದಾಳು’ ಎಂಬ ವಿಷಯ ಕೊಟ್ಟು ಸದಸ್ಯರಿಂದ ಬರಹ ಕೇಳಿದ್ದೆವು. ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ, ಕಿತ್ತೂರು ಚೆನ್ನಮ್ಮನ ಬಗ್ಗೆ, ಆಲೂರು ವೆಂಕಟರಾಯರ ಬಗ್ಗೆ ಒಳ್ಳೆಯ ಲೇಖನಗಳು ಬಂದಿವೆ. ಮುಂದಿನ ಪುಟಗಳಲ್ಲಿ ಓದುತ್ತೀರಿ. ಕರಡು ತಿದ್ದುತ್ತಾ ಕೂತಾಗ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಇವರೆಲ್ಲ ಮಾಡಿದ ಕೆಲಸಗಳು ನಮಗೆ ಬಾಯಿಪಾಠ. ಜನರನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು ಅವರು ಕಲಿತದ್ದು ಯಾರ ಹತ್ತಿರ? ಪುಣೆಯ ಈ ಪುಟ್ಟ ಕನ್ನಡ ಸಂಘದಲ್ಲಿ ಒಂದು ರಾಜ್ಯೋತ್ಸವ ನಡೆಸುವುದಕ್ಕೂ ಯಾರೋ ಒಬ್ಬರು ಮುಂದೆ ನಿಲ್ಲಬೇಕಾಗುತ್ತದೆ. ಹಾಗೆ ನಿಂತವರಲ್ಲಿ ಕೆಲವರ ಮಾತಿಗೆ ಜನ ಏಕೆ ಎದ್ದು ಬರುತ್ತಾರೆ ಎಂದು ನಾನು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಉತ್ತರ ಹುಡುಕಿದಾಗಲೆಲ್ಲ ಮನಸ್ಸು ನಮ್ಮೂರಿನ ಸೀಮೆಗೇ ಹೋಗುತ್ತದೆ.

ನಮ್ಮೂರು ಕಂಪಲಾಪುರ. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರು ದಾಟಿ ಪಿರಿಯಾಪಟ್ಟಣ ಸೇರುವ ಮೊದಲು ಸಿಗುತ್ತದೆ. ಕೊಡಗಿನ ಬಸ್ಸು ಹಿಡಿದವರಿಗೆ ನಮ್ಮೂರಿನ ಗುರುತೆಂದರೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ, ಅದರ ಮುಂದೆ ಬೇಲುಗಳನ್ನು ಹೇರಿಕೊಂಡು ನಿಂತ ಗಾಡಿಗಳು. ಹೊಗೆಸೊಪ್ಪಿನ ಬೇಸಾಯ ಬಲ್ಲವರಿಗೆ ಅದರ ಹಿಂದಿನ ಪಾಡೂ ಗೊತ್ತು. ಮುಂಗಾರು ಹಿಡಿಯುತ್ತಿದ್ದಂತೆ ಸಸಿ ನೆಡಬೇಕು, ಎಲೆ ಮುರಿದು ಕಡ್ಡಿಗೆ ಕಟ್ಟಬೇಕು, ಎಲೆ ಹದಮಾಡುವ ಬ್ಯಾರನ್ನಿಗೆ ಏರಿಸಿ ಹಗಲು ರಾತ್ರಿ ಸೌದೆ ಉರಿಸಿ ಹದ ಕಾಯಬೇಕು, ಇಳಿಸಿ ಗ್ರೇಡು ಮಾಡಿ ಬೇಲು ಕಟ್ಟಬೇಕು. ಇಷ್ಟೆಲ್ಲ ಆದ ಮೇಲೆ ಹರಾಜು ಕಟ್ಟೆಯಲ್ಲಿ ಒಂದು ಬೇಲಿನ ಬೆಲೆ ಗೊತ್ತಾಗಲು ಕೆಲವು ಕ್ಷಣ ಸಾಕು. ಆ ಕೆಲವು ಕ್ಷಣದಲ್ಲಿ ಒಂದು ಮನೆಯ ವರ್ಷದ ಲೆಕ್ಕ ಮುಗಿಯುತ್ತದೆ.

ಮಂಡಳಿಯಲ್ಲಿ ಹೆಸರು ನೋಂದಾಯಿಸಿ ಪರವಾನಗಿ ಪಡೆದ ಬೆಳೆಗಾರರು ಇರುವ ಹಾಗೆಯೇ ಅದಿಲ್ಲದೆ ಬೆಳೆದವರೂ ನಮ್ಮ ಕಡೆ ಇದ್ದಾರೆ. ‘ಕಾರ್ಡುದಾರರು’, ‘ಕಾರ್ಡಿಲ್ಲದವರು’ ಎನ್ನುವುದು ನಮ್ಮಲ್ಲಿ ಮನೆಮಾತು. ಬೆಲೆ ಕುಸಿದ ದಿನ ರೈತರು ಹರಾಜು ನಿಲ್ಲಿಸುವುದುಂಟು. ಅಪ್ಪನ ಜೊತೆ ಮಾರುಕಟ್ಟೆಗೆ ಹೋಗುತ್ತಿದ್ದ ಬಾಲ್ಯದಲ್ಲಿ ಅಂಥ ಗಲಾಟೆ ಕಂಡು ನಾನು ಹೆದರಿದ್ದೇನೆ. ಬೆಳೆದ ಮೇಲೆ ನನಗೆ ಅರ್ಥವಾದದ್ದು ಬೇರೆ. ಕೆಳದರ್ಜೆಯ ಸೊಪ್ಪಿಗೆ ಬೆಲೆ ಸಿಗದವರು ಕೂಗಿದರೆ ಅದು ಅವರ ಸಂಕಟ. ತನ್ನ ಬೇಲಿಗೆ ಒಳ್ಳೆಯ ಬೆಲೆ ಬಿದ್ದ ಕಾರ್ಡುದಾರನೊಬ್ಬ ಪಕ್ಕದ ಸಾಲಿನವನಿಗಾಗಿ, ಕಾರ್ಡಿಲ್ಲದೆ ಗೇಟಿನ ಹೊರಗೆ ನಿಂತವನಿಗಾಗಿ ‘ನಿಲ್ಲಿಸಿ’ ಎಂದರೆ ಇಡೀ ಕಟ್ಟೆ ನಿಲ್ಲುತ್ತಿತ್ತು. ಅವನಿಗೆ ಯಾವ ಪದವಿಯೂ ಇರುತ್ತಿರಲಿಲ್ಲ. ಅವತ್ತಿನ ಹಣ ಅವನಿಗೂ ತಪ್ಪುತ್ತಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಅವನ ಮಾತಿಗೆ ಬಲ ಬರುತ್ತಿದ್ದದ್ದು ಅಲ್ಲಿಂದ.

ಅದೇ ಸೀಮೆಯವರು ದೇವರಾಜ ಅರಸು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ನಮಗೆ ನೆರೆಯ ಊರಿದ್ದ ಹಾಗೆ. ಹಾಗಾಗಿ ನಮ್ಮ ಹಿರಿಯರು ಅರಸು ಅವರ ಕುರಿತು ಮಾತಾಡುವಾಗ ಬಂಧುವಿನ ಬಗ್ಗೆ ಆಡುವ ಸಲಿಗೆ, ಮುನಿಸು ಎರಡೂ ಇರುತ್ತಿದ್ದವು. 1915ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಪದವಿ ಓದಿ, ಊರಿಗೆ ಮರಳಿ ಬೇಸಾಯಕ್ಕೆ ಕೈಹಾಕಿದವರು ಅವರು. 1941ರಲ್ಲಿ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಹೋದರು; ಮುಖ್ಯಮಂತ್ರಿಯಾದದ್ದು 1972ರ ಮಾರ್ಚಿನಲ್ಲಿ. ನಡುವಿನ 31 ವರ್ಷಗಳನ್ನು ನಾವು ಬೇಗ ಮರೆಯುತ್ತೇವೆ. ಶಾಸಕರಾಗಿ, ಮಂತ್ರಿಯಾಗಿ, ಬೇರೆಯವರ ಹಿಂದಿನ ಸಾಲಿನಲ್ಲಿ ಕೂತು ಅವರು ನಾಡನ್ನು ನೋಡಿದ ಕಾಲ ಅದು.

ಅರಮನೆಯ ನಂಟಿದ್ದರೂ ಅರಸು ಸಮುದಾಯ ತೀರಾ ಚಿಕ್ಕದು. ಜಾತಿಯ ತಲೆ ಎಣಿಸಿ ಗೆಲ್ಲುವುದು ಅವರಿಂದ ಆಗದ ಮಾತಾಗಿತ್ತು. ತಮ್ಮವರ ಬಲವಿಲ್ಲದ ಮನುಷ್ಯ, ಯಾರ ಬಲವೂ ಇಲ್ಲದ ಜನರನ್ನು ಗಮನಿಸುವುದನ್ನು ಕಲಿತರು ಎಂದು ನಾನು ತಿಳಿದಿದ್ದೇನೆ. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಘಟಾನುಘಟಿಗಳೆಲ್ಲ ನಿಜಲಿಂಗಪ್ಪನವರ ಕಡೆ ನಿಂತರೆ, ಅರಸು ಇಂದಿರಾ ಗಾಂಧಿಯವರ ಪಕ್ಷವನ್ನು ಇಲ್ಲಿ ಕಟ್ಟಿದರು. 1972ರ ಚುನಾವಣೆಯಲ್ಲಿ ಅದುವರೆಗೆ ಟಿಕೆಟ್ ಹಂಚುವ ಕೋಣೆಯ ಹೊಸ್ತಿಲೂ ತುಳಿಯದ ಸಣ್ಣ ಸಣ್ಣ ಸಮುದಾಯಗಳವರನ್ನು ಹುಡುಕಿ ನಿಲ್ಲಿಸಿದರು. 216 ಸ್ಥಾನಗಳಲ್ಲಿ 165 ಬಂದವು. ಅದೇ ವರ್ಷ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಕವಾಯಿತು. ಹಳ್ಳಿಗಳ ಸಮೀಕ್ಷೆ ಮಾಡಿ, ಯಾರ ಮನೆಯ ಮಕ್ಕಳು ಶಾಲೆಯ ಎಷ್ಟನೇ ಮೆಟ್ಟಿಲಲ್ಲಿ ನಿಂತುಬಿಡುತ್ತಾರೆ, ಯಾರಿಗೆ ಸರ್ಕಾರದ ಕೆಲಸ ಸಿಕ್ಕಿಲ್ಲ ಎಂಬುದನ್ನು ಲೆಕ್ಕಕ್ಕೆ ತಂದು ಅದು 1975ರಲ್ಲಿ ವರದಿ ಕೊಟ್ಟಿತು. ಸರ್ಕಾರದ ಕಡತದಲ್ಲಿ ಹೆಸರೇ ಇಲ್ಲದಂತಿದ್ದ ಜನ ಅದರಿಂದ ಕಣ್ಣಿಗೆ ಬಿದ್ದರು.

ಭೂಸುಧಾರಣೆಯ ಕತೆ ಎಲ್ಲರಿಗೂ ಗೊತ್ತು. 1974ರ ತಿದ್ದುಪಡಿಯ ಒಂದು ಅಂಶವನ್ನು ಮಾತ್ರ ನಾನು ಮತ್ತೆ ಮತ್ತೆ ನೆನೆಯುತ್ತೇನೆ. ತಾಲ್ಲೂಕಿಗೊಂದು ಭೂನ್ಯಾಯಮಂಡಳಿ ಕೂತಿತು. ಅಧಿಕಾರಿಯ ಜೊತೆ ಸರ್ಕಾರದವರಲ್ಲದ ಸದಸ್ಯರೂ ಇದ್ದರು, ಪರಿಶಿಷ್ಟರೊಬ್ಬರು ಅವರಲ್ಲಿ ಇರಲೇಬೇಕಿತ್ತು. ವಕೀಲರಿಗೆ ಅಲ್ಲಿ ವಾದಿಸಲು ಅವಕಾಶವಿರಲಿಲ್ಲ. ಒಡೆಯನ ಎದುರು ಕೂತು ಗೇಣಿದಾರ ತಾನೇ ಬಾಯಿಬಿಟ್ಟು ‘ಈ ಹೊಲ ಉಳುತ್ತಿದ್ದವನು ನಾನು’ ಎನ್ನಬೇಕಿತ್ತು. ತಲೆಮಾರುಗಳಿಂದ ತಗ್ಗಿಸಿದ ತಲೆ ಎತ್ತಿ ಆ ಒಂದು ವಾಕ್ಯ ಹೇಳಲು ಎಂಥ ಧೈರ್ಯ ಬೇಕಾಗಿತ್ತೋ! ಗೇಣಿ ಪದ್ಧತಿ ದಟ್ಟವಾಗಿದ್ದದ್ದು ಕರಾವಳಿ ಮಲೆನಾಡುಗಳಲ್ಲಿ, ಆದ್ದರಿಂದ ಕಾನೂನಿನ ಫಲ ಹೆಚ್ಚಾಗಿ ಸಿಕ್ಕಿದ್ದೂ ಅಲ್ಲಿಯೇ. ಹುಣಸೂರಿನ ಮನುಷ್ಯ ತಂದ ಕಾನೂನು ಬಂಟ್ವಾಳದ, ಸಾಗರದ ಒಕ್ಕಲಿನ ಮನೆಗಳಲ್ಲಿ ದೀಪ ಹಚ್ಚಿತು.

ಅರಸು ಅವರ ಕುರಿತು ಬರೆಯುವಾಗ ಇಷ್ಟಕ್ಕೇ ನಿಲ್ಲಿಸುವುದು ಸತ್ಯಕ್ಕೆ ಮೋಸ. ತುರ್ತು ಪರಿಸ್ಥಿತಿಯಲ್ಲಿ ರಾಜ್ಯವನ್ನು ಆಳುತ್ತಿದ್ದವರು ಅವರೇ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅರಸು ಸರ್ಕಾರದ ಮೇಲಿನ ಭ್ರಷ್ಟಾಚಾರದ ಆರೋಪಗಳ ವಿಚಾರಣೆಗೆ ಗ್ರೋವರ್ ಆಯೋಗ ಬಂತು. ಬಡವನ ಬಾಯಿಗೆ ಮಾತು ಕೊಟ್ಟ ಆಡಳಿತವೇ ಬೇರೆ ಕೆಲವರ ಬಾಯಿ ಕಟ್ಟಿದ ಕಾಲವೂ ಅದೇ ಆಗಿತ್ತು. ಒಬ್ಬ ನಾಯಕನನ್ನು ಪ್ರಾಮಾಣಿಕವಾಗಿ ಪ್ರೀತಿಸುವವರು ಈ ಎರಡನ್ನೂ ಒಟ್ಟಿಗೆ ಹೇಳಬೇಕು. 1980ರ ಜನವರಿಯಲ್ಲಿ ಅವರು ಕುರ್ಚಿ ಬಿಟ್ಟರು, ನಮ್ಮ ಪಕ್ಕದ ಕುಶಾಲನಗರದ ಗುಂಡೂರಾಯರು ಮುಖ್ಯಮಂತ್ರಿಯಾಗಿ ಬಂದರು. 1982ರ ಜೂನಿನಲ್ಲಿ ಅರಸು ತೀರಿಹೋದರು. ಕೊನೆಯ ದಿನಗಳಲ್ಲಿ ಅವರ ಸುತ್ತ ಜನ ಕಡಿಮೆಯಾಗಿದ್ದರು. ಆದರೆ ಅವರು ಮುಂದಕ್ಕೆ ತಂದ ಸಮುದಾಯಗಳು ರಾಜಕೀಯದಲ್ಲಿ ಉಳಿದವು. ಇವತ್ತಿಗೂ ಕರ್ನಾಟಕದ ಯಾವ ಪಕ್ಷವೂ ಆ ಸಮುದಾಯಗಳನ್ನು ಬಿಟ್ಟು ಅಭ್ಯರ್ಥಿಗಳ ಪಟ್ಟಿ ಮಾಡಲಾರದು.

ಕಬಿನಿಯ ಕಡೆಗೆ ಹೋದರೆ ಇನ್ನೊಂದು ಬಗೆಯ ಕಲಿಕೆ ಕಾಣುತ್ತದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳುತನದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಎಚ್.ಡಿ. ಕೋಟೆಯ ಕಾಡಂಚಿನ ಬ್ರಹ್ಮಗಿರಿ ಎಂಬ ಆದಿವಾಸಿ ಹಾಡಿಗೆ ಅವರು ಹೋದದ್ದು ಔಷಧ ಕೊಡಲು. ಅಲ್ಲಿದ್ದ ಜೇನುಕುರುಬರು, ಕಾಡುಕುರುಬರು ಅಣೆಕಟ್ಟಿನ ಹಿನ್ನೀರಿಗೆ, ಹುಲಿ ಯೋಜನೆಗೆ ನೆಲೆ ಬಿಟ್ಟುಕೊಟ್ಟು ಬಂದವರು. ಕಾಡಿನೊಳಗಿದ್ದಾಗ ಅವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ, ಹೊರಗೆ ಬಂದಾಗಲೂ ಇರಲಿಲ್ಲ. ಅಂಥವರ ನಡುವೆ ಕೂತಾಗ, ಜ್ವರಕ್ಕೆ ಕೊಡುವ ಮಾತ್ರೆ ಎಲ್ಲಿಯವರೆಗೆ ಮುಟ್ಟೀತು ಎಂಬುದು ಯುವ ವೈದ್ಯರಿಗೆ ಬೇಗನೆ ತಿಳಿಯಿತು. 1988ರಲ್ಲಿ ದನದ ಕೊಟ್ಟಿಗೆಯೊಂದರಲ್ಲಿ ಹಾಡಿಯ ಮಕ್ಕಳಿಗೆ ಶಾಲೆ ತೆರೆದರು. ಅದು ಮುಂದೆ ಹೊಸಹಳ್ಳಿಯ ವಸತಿಶಾಲೆಯಾಗಿ ಬೆಳೆಯಿತು. ಸರಗೂರಿನಲ್ಲಿ ಆಸ್ಪತ್ರೆ ಎದ್ದಿತು. ಚಿಕಿತ್ಸೆಯಿಂದ ಓದಿಗೆ, ಓದಿನಿಂದ ಹಕ್ಕಿನ ಮಾತಿಗೆ ಕೆಲಸ ಸರಿಯುತ್ತಾ ಹೋಯಿತು. ಸಂಸ್ಥೆ ಕಟ್ಟಿದವರು ಹಾಡಿಗೆ ಬರುವಾಗ ಹೊತ್ತು ತಂದ ಯೋಜನೆಯನ್ನು ಹಾಡಿಯ ಜನ ಬದಲಿಸಿದರು, ಬದಲಿಸಲು ಇವರು ಬಿಟ್ಟರು. ಬಾಲಸುಬ್ರಹ್ಮಣ್ಯಂ ಆಮೇಲೆ ಹಾರ್ವರ್ಡ್‌ನಲ್ಲಿ ಓದಿದರು, ಕಾರ್ನೆಲ್‌ನಲ್ಲಿ ಪಾಠ ಹೇಳಿದರು, ನಾಯಕತ್ವದ ಬಗ್ಗೆ ಪುಸ್ತಕ ಬರೆದರು. ಅವರು ಬೇರೆ ಜವಾಬ್ದಾರಿಗಳಿಗೆ ಹೋದ ಮೇಲೂ ಸರಗೂರಿನ ಆಸ್ಪತ್ರೆ, ಹೊಸಹಳ್ಳಿಯ ಶಾಲೆ ನಡೆಯುತ್ತಿವೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಹಾರ್ವರ್ಡ್‌ನಲ್ಲಿ ನಾಯಕತ್ವದ ಪಾಠ ಹೇಳುವ ರೊನಾಲ್ಡ್ ಹೈಫೆಟ್ಜ್ ಕೂಡ ಓದಿನಿಂದ ವೈದ್ಯರೇ. ಕುರ್ಚಿಯಿಂದ ಬರುವ ಅಧಿಕಾರ ಬೇರೆ, ನಾಯಕತ್ವ ಎಂಬ ಕೆಲಸ ಬೇರೆ ಎಂಬುದು ಅವರ ವಿಚಾರದ ತಿರುಳು. ಹರಾಜು ಕಟ್ಟೆಯಲ್ಲಿ ಕೈ ಎತ್ತಿ ನಿಂತ ನಮ್ಮೂರಿನ ರೈತನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ನಮ್ಮ ಸಂಘದ ವಿಷಯ. ನಮ್ಮ ಸದಸ್ಯತ್ವದ ಪುಸ್ತಕದಲ್ಲಿ ಬ್ಯಾಂಕಿನವರು, ಕಾರ್ಖಾನೆಯ ಎಂಜಿನಿಯರುಗಳು, ಸಾಫ್ಟ್‌ವೇರ್‌ನವರು, ನಿವೃತ್ತ ಅಧ್ಯಾಪಕರು ಇದ್ದಾರೆ. ಇದೇ ಊರಿನ ವಾಕಡ್, ಹಿಂಜೇವಾಡಿಗಳಲ್ಲಿ ನಾವು ವಾಸವಿರುವ ಕಟ್ಟಡಗಳನ್ನು ಕಟ್ಟಿದವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರ ಜಿಲ್ಲೆಗಳಿಂದ ಗುಳೆ ಬಂದ ಕನ್ನಡಿಗರು ಬಹಳ. ಅವರ ಹೆಸರು ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಕಳೆದ ವರ್ಷ ಸಮಿತಿಗೆ ಬಂದ ಇಬ್ಬರು ಯುವ ಸದಸ್ಯೆಯರು ಈ ಮಾತನ್ನು ಸಭೆಯಲ್ಲಿ ಎತ್ತಿದರು. ಚಳಿಗಾಲಕ್ಕೆ ಕಂಬಳಿ ಹಂಚೋಣ ಎಂಬ ಸಲಹೆ ಬಂತು. ‘ಮೊದಲು ಹೋಗಿ ಕೇಳೋಣ’ ಎಂದವರು ಆ ಹುಡುಗಿಯರೇ.

ಕೇಳಲು ಹೋದವರಲ್ಲಿ ನಾನೂ ಇದ್ದೆ. ತಗಡಿನ ಶೆಡ್ಡುಗಳ ಮುಂದೆ ರೊಟ್ಟಿ ಬಡಿಯುತ್ತಿದ್ದ ಹಿರಿಯ ಹೆಂಗಸೊಬ್ಬರು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡರು. ‘ನಿಮ್ಮ ಕಾರ್ಯಕ್ರಮ ಐತವಾರ ಇಟ್ಟೀರಿ. ನಮಗ ಪಗಾರ ಆಗೋದು, ಸಂತಿ ಮಾಡೋದು ಅವತ್ತ. ಹ್ಯಾಂಗ ಬರೂನ್ರೀ?’ ಎಂದರು. ಏನು ಬೇಕೆಂದು ಕೇಳಿದ್ದಕ್ಕೆ ಬಂದ ಉತ್ತರ ನನ್ನೊಳಗೆ ಇನ್ನೂ ಇದೆ: ‘ನಮ್ಮ ಹುಡುಗ್ರಿಗೆ ಕನ್ನಡ ಓದಾಕ ಕಲಸ್ರಿ. ಊರಿಗೆ ಹೋದ್ರ ಬಸ್ಸಿನ ಬೋರ್ಡ ಓದಾಕ ಬರಂಗಿಲ್ಲ ಅವಕ್ಕ.’ ಕನ್ನಡ ಉಳಿಸಬೇಕೆಂದು ವೇದಿಕೆಯ ಮೇಲೆ ನಾವು ಆಡುವ ಮಾತುಗಳನ್ನೆಲ್ಲ ಆ ತಾಯಿ ಯಾವ ಅಲಂಕಾರವೂ ಇಲ್ಲದೆ, ತನ್ನ ಮಗುವಿನ ದಾರಿಯ ಮಾತಾಗಿ ಆಡಿದ್ದರು. ಸಂಘ ಏನು ಮಾಡಬೇಕು ಎಂಬುದನ್ನು ಆ ಸಂಜೆ ನಮಗೆ ಕಲಿಸಿದವರು ಅವರು.

ಹಳೇ ಮೈಸೂರಿನ ನನಗೆ ಇಲ್ಲಿ ಇನ್ನೊಂದು ವಿಷಯ ಹೇಳಬೇಕೆನಿಸುತ್ತದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದಾಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಸೀಮೆಯ ಅರಸು. ಮೈಸೂರು ಎಂಬ ಹೆಸರು ಬಿಡಲು ನಮ್ಮ ಕಡೆಯ ಬಹಳ ಜನರಿಗೆ ಮನಸ್ಸಿರಲಿಲ್ಲ. ಆದರೆ ಕಲಬುರಗಿಯ, ಬೀದರಿನ, ಧಾರವಾಡದ ಕನ್ನಡಿಗನಿಗೆ ಆ ಹೆಸರಿನೊಳಗೆ ತಾನು ಕಾಣುತ್ತಿರಲಿಲ್ಲ. ಪ್ರತಿ ನವೆಂಬರಿನಲ್ಲಿ ನಾವು ಧ್ವಜ ಏರಿಸುವ ಸಂಘದ ಅಂಗಳದಿಂದ ಅದೇ ಕಲಬುರಗಿಯ ಕನ್ನಡಿಗ ಹೊರಗುಳಿಯಬಾರದು.

ಸರ್ವಸದಸ್ಯರ ಸಭೆ ಈ ಕುರಿತು ಒಮ್ಮತದಿಂದ ತೀರ್ಮಾನ ತೆಗೆದುಕೊಂಡಿದೆ. ದಿನಗೂಲಿಯವರಿಗೆ ಸದಸ್ಯತ್ವ ಶುಲ್ಕವಿಲ್ಲ. ಕಾರ್ಯಕಾರಿ ಸಮಿತಿಯಲ್ಲಿ ಎರಡು ಸ್ಥಾನ ಅವರಿಗೆ ಮೀಸಲು. ಯಾರು ಬರಬೇಕೆಂದು ಆರಿಸುವವರು ಅವರೇ. ಕನ್ನಡ ತರಗತಿ ವಾರದ ದಿನಗಳಲ್ಲಿ, ಕೆಲಸ ಬಿಟ್ಟ ಮೇಲೆ, ಶೆಡ್ಡುಗಳ ಬಳಿಯೇ ನಡೆಯುತ್ತಿದೆ. ಮಕ್ಕಳು ಕಾಗುಣಿತದವರೆಗೆ ಬಂದಿದ್ದಾರೆ. ಕಟ್ಟಡ ಮುಗಿದಂತೆ ಕುಟುಂಬಗಳು ಬೇರೆ ಸೈಟಿಗೆ ಹೋಗಿಬಿಡುತ್ತವೆ, ಮಕ್ಕಳ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ದಾರಿ ಇನ್ನೂ ಸಿಕ್ಕಿಲ್ಲ. ನಗರದ ಬೇರೆ ಭಾಗಗಳಲ್ಲಿರುವ ಸದಸ್ಯರು ತಮ್ಮ ಮನೆಯ ಹತ್ತಿರದ ಸೈಟುಗಳಲ್ಲಿ ಸಂಜೆ ಒಂದು ಗಂಟೆ ಕೊಡಲು ಸಾಧ್ಯವಾದರೆ ಮಕ್ಕಳು ಎಲ್ಲಿಗೆ ಹೋದರೂ ಮುಂದಿನ ಪಾಠ ಸಿಗುತ್ತದೆ. ಹೆಸರು ಕೊಡಬೇಕಾದದ್ದು ಆ ಇಬ್ಬರು ಸದಸ್ಯೆಯರಿಗೆ. ಈ ವರ್ಷದಿಂದ ಸಂಘದ ಕಾರ್ಯದರ್ಶಿ, ಸಹಕಾರ್ಯದರ್ಶಿ ಅವರೇ.

ಮುಂದಿನ ಸಂಚಿಕೆಯಲ್ಲಿ ಸಂಜೆ ತರಗತಿಯ ಮಕ್ಕಳ ಬರಹಕ್ಕಾಗಿ ನಡುವಿನ ಪುಟಗಳನ್ನು ಈಗಲೇ ಕಾದಿರಿಸಿದ್ದೇವೆ.