ಹೆಬ್ಬೆರಳೂ ಹೃದಯವೂ

ಏಕಲವ್ಯನ ಕತೆಯನ್ನು ಬಲ್ಲ ನಮಗೆ ಹೆಬ್ಬೆರಳಿನ ಬೆಲೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಯಾವ ಗುರುವೂ ಬೇಡದಿದ್ದರೂ ತಮ್ಮ ಹೆಬ್ಬೆರಳನ್ನು ತಾವಾಗಿಯೇ ದೂರವಿರಿಸಿದ್ದ ಕಲಾವಿದರೂ ಲೋಕದಲ್ಲಿದ್ದರು. ಯುರೋಪಿನ ಹಳೆಯ ತಲೆಮಾರಿನ ವಾದಕರು ವಾದ್ಯದ ಕರಿಯ ಬಿಳಿಯ ಮನೆಗಳ ಮೇಲೆ ಬೆರಳಾಡಿಸುವಾಗ, ಕೈಯನ್ನು ಬಹಳವಾಗಿ ಚಾಚಬೇಕಾದೆಡೆಯಲ್ಲಿ ಮಾತ್ರ ಹೆಬ್ಬೆರಳನ್ನು ಕರೆಯುತ್ತಿದ್ದರಂತೆ. ತಂದೆಯ ಬಾಯಿಂದ ಈ ಸಂಗತಿಯನ್ನು ಕೇಳಿ ಬರೆದಿಟ್ಟವನು ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ (1714-1788). ತಂದೆಯಾದರೋ ಜಗತ್ಪ್ರಸಿದ್ಧನಾದ ಯೋಹಾನ್ ಸೆಬಾಸ್ಟಿಯನ್ ಬಾಖ್.

ಮಗನು ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನ ಆಸ್ಥಾನದಲ್ಲಿದ್ದನು. ದೊರೆ ಕೊಳಲು ನುಡಿಸುವನು. ಇವನು ಪಕ್ಕವಾದ್ಯಕ್ಕೆ ಕೂರುವನು. ದೊರೆಯ ಕೊಳಲಿನ ಗುರು ಕ್ವಾಂಟ್ಸನಿಗೆ ವರ್ಷಕ್ಕೆ 2000 ಥಾಲರ್ ಸಂಬಳ. ಇವನಿಗೆ ಮೊದಲಲ್ಲಿ ಕೇವಲ 300. ಈ ಪಕ್ಕವಾದ್ಯಗಾರನೇ 1753ರಲ್ಲಿ, ತನ್ನ ಸ್ವಂತ ಖರ್ಚಿನಿಂದ, ‘ಕ್ಲಾವಿಯರ್ ನುಡಿಸುವ ನಿಜವಾದ ರೀತಿಯನ್ನು ಕುರಿತ ಪ್ರಬಂಧ’ವೆಂಬ ಗ್ರಂಥದ ಮೊದಲ ಭಾಗವನ್ನು ಬರ್ಲಿನ್ನಿನಲ್ಲಿ ಪ್ರಕಟಿಸಿದನು. ಬೆರಳುಗಳ ವಿನ್ಯಾಸ, ಸ್ವರಾಲಂಕಾರ, ನುಡಿಸಾಣಿಕೆಯ ಭಾವ — ಇವು ಮೂರು ಅದರ ವಿಷಯ. 1762ರಲ್ಲಿ ಬಂದ ಎರಡನೆಯ ಭಾಗವು ಪಕ್ಕವಾದ್ಯದ ಕ್ರಮವನ್ನೂ ಮನೋಧರ್ಮವನ್ನೂ ವಿವರಿಸುತ್ತದೆ.

ಮೂಲೆಗೊತ್ತಿದ್ದ ಹೆಬ್ಬೆರಳಿಗೆ ಬಾಖನು ಪ್ರಧಾನ ಬೆರಳಿನ ಪಟ್ಟವನ್ನೇ ಕಟ್ಟಿದನು. ಅದು ಉಳಿದ ಬೆರಳುಗಳ ಅಡಿಯಲ್ಲಿ ನುಸುಳಿ ಮುಂದೆ ಸಾಗಿದರೆ ಸ್ವರಗಳ ಸಾಲು ಎಲ್ಲಿಯೂ ತುಂಡಾಗದು.

ಆದರೆ ಬೆರಳಿನ ಚುರುಕೊಂದೇ ಸಂಗೀತವಲ್ಲವೆಂಬುದೇ ಈ ಗ್ರಂಥದ ಜೀವಾಳ. ಬರಿಯ ವೇಗದಿಂದ ಕಿವಿಯನ್ನು ಬೆರಗುಗೊಳಿಸಿ ಮನಸ್ಸನ್ನು ಬರಿದಾಗಿ ಬಿಡುವವರನ್ನು ಅವನು ಒಪ್ಪನು. ತಾನು ಕರಗದೆ ವಾದಕನು ಕೇಳುವವರನ್ನು ಕರಗಿಸಲಾರನು. ಒಳ್ಳೆಯ ಗಾಯಕರ ಹಾಡನ್ನು ಕೇಳಬೇಕು, ನುಡಿಸುವುದನ್ನು ಮೊದಲು ತಾನೇ ಹಾಡಿಕೊಂಡು ನೋಡಬೇಕು ಎಂಬುದು ಅವನ ಮತ. ರಸವಿಚಾರವನ್ನು ಓದಿದ ನಮಗೆ ಇದು ಪರಿಚಿತ ದನಿಯೇ ಸರಿ.

ಅವನಿಗೆ ಪ್ರಿಯವಾದ ವಾದ್ಯ ಕ್ಲಾವಿಕಾರ್ಡ್. ಮನೆಯನ್ನು ಒತ್ತಿದರೆ ಹಿತ್ತಾಳೆಯ ಸಣ್ಣ ಅಲಗೊಂದು ತಂತಿಗೆ ತಾಗಿ, ಬೆರಳೆತ್ತುವವರೆಗೂ ಅಲ್ಲಿಯೇ ನಿಲ್ಲುತ್ತದೆ. ಆದುದರಿಂದ ಬೆರಳನ್ನು ಮೆಲ್ಲನೆ ಅದುಮಿ ಸಡಿಲಿಸಿದರೆ ಸ್ವರವೂ ನಡುಗುತ್ತದೆ. ದನಿ ಬಹು ಮೆಲು, ಪಿಸುಮಾತಿಗೆ ಸಮೀಪ. 1772ರಲ್ಲಿ ಹ್ಯಾಂಬರ್ಗಿನ ಅವನ ಮನೆಗೆ ಹೋದ ಚಾರ್ಲ್ಸ್ ಬರ್ನಿ ಎಂಬ ಆಂಗ್ಲ ವಿದ್ವಾಂಸನು, ರಾತ್ರಿ ಹನ್ನೊಂದರವರೆಗೂ ಬಾಖನು ಮೈಮರೆತು ಇದನ್ನು ನುಡಿಸಿದುದನ್ನು ಕಂಡನು. ಕಣ್ಣು ನೆಟ್ಟಿತ್ತು, ಕೆಳತುಟಿ ಜೋತಿತ್ತು, ಮುಖದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಆಗ ಅವನಿಗೆ ವಯಸ್ಸು 58!

ಮುಂದೆ ಬೀಥೋವನ್, ಬಾಲಕ ಚೆರ್ನಿಯನ್ನು ಶಿಷ್ಯನಾಗಿ ಸ್ವೀಕರಿಸಿದಾಗ, ಮೊದಲು ಈ ಗ್ರಂಥವನ್ನು ತಂದುಕೊಡುವಂತೆ ಅವನ ತಂದೆಗೆ ಹೇಳಿದನು.

ತರಗತಿಯಲ್ಲಿ ಹುಡುಗನೊಬ್ಬನು ಪದ್ಯವನ್ನು ಒಂದಕ್ಷರವೂ ತಪ್ಪದೆ ಗಿಳಿಪಾಠ ಒಪ್ಪಿಸಿದಾಗ ನನಗೆ ಬಾಖನ ನೆನಪಾಗುತ್ತದೆ. ತಪ್ಪಿಲ್ಲವಾದುದರಿಂದ ಅಂಕ ಕೊಡಲೇಬೇಕು, ಕೊಡುತ್ತೇನೆ. ಆದರೆ ಅವನಿಗೆ ಹೆಬ್ಬೆರಳನ್ನಷ್ಟೇ ಕಲಿಸಿದೆನೆ ಎಂಬ ಅಳುಕು ಆ ದಿನವೆಲ್ಲ ಉಳಿಯುತ್ತದೆ.