ಗುಜರಿ ಗಾಜನ್ನು ಮತ್ತೆ ಹೂಜಿ ಮಾಡಬೇಕೆ?

ಟರ್ಕಿಯ ನೈಋತ್ಯ ಕರಾವಳಿಯಲ್ಲಿ, ರೋಡ್ಸ್ ದ್ವೀಪಕ್ಕೆ ಎದುರಾಗಿ ಸೆರ್ಚೆ ಲಿಮಾನಿ ಎಂಬ ಪುಟ್ಟ ಕೊಲ್ಲಿಯಿದೆ. ಕ್ರಿ.ಶ. 1025ರ ಸುಮಾರಿಗೆ ಅಲ್ಲೊಂದು ಸರಕಿನ ಹಡಗು ಮುಳುಗಿತು. 1977ರಿಂದ 1979ರವರೆಗೆ ಕಡಲಡಿಯ ಪುರಾತತ್ತ್ವಜ್ಞ ಜಾರ್ಜ್ ಬಾಸ್ ಅವರ ತಂಡ ಮೂವತ್ತು ಮೀಟರಿಗೂ ಹೆಚ್ಚು ಆಳದಲ್ಲಿ ಅಗೆದು ಸುಮಾರು 3 ಟನ್ ಗಾಜು ಎತ್ತಿತು. ಅದರಲ್ಲಿ 2 ಟನ್ ಕಚ್ಚಾ ಗಾಜಿನ ಗಟ್ಟಿ. ಉಳಿದದ್ದು ಒಡೆದ ಪಾತ್ರೆ, ಕುಲುಮೆಯ ಕಸ. ಚೂರುಗಳೇ ಐದರಿಂದ ಹತ್ತು ಲಕ್ಷ.

ವಿಶೇಷವೆಂದರೆ, ಈ ಪಾತ್ರೆಗಳಲ್ಲಿ ಬಹುಪಾಲು ಹಡಗು ಮುಳುಗುವಾಗ ಒಡೆದವಲ್ಲ. ಕರಗಿಸಿ ಹೊಸ ಗಾಜು ಮಾಡಲೆಂದು ಗುಜರಿಯನ್ನೇ ತುಂಬಿಕೊಂಡು ಹಡಗು ಹೊರಟಿತ್ತು. ಆ ಗುಜರಿಯನ್ನು ಟರ್ಕಿಯದೇ ಬೋದ್ರುಮ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ವರ್ಷಗಟ್ಟಲೆ ವಿಂಗಡಿಸಿ, ಆರಿಸಿ, ಹೂಜಿ, ಲೋಟ, ಬೋಗುಣಿಗಳಾಗಿ ಕೂಡಿಸಲಾಯಿತು. ಮಾಡಿದ್ದು ಸರಿಯೇ?

ಒಂದು ವಿಷಯದಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. ಸಮುದ್ರದ ನೀರು ಗಾಜಿನೊಳಗಿನ ಸೋಡಿಯಂ ಅಂಶವನ್ನು ಹೀರಿಬಿಡುತ್ತದೆ. ಮೇಲ್ಮೈಯಲ್ಲಿ ನೀರು ಕುಡಿದ ತೆಳು ಪದರಗಳು ಉಳಿಯುತ್ತವೆ. ಮೇಲೆತ್ತಿ ಹಾಗೇ ಗಾಳಿಗಿಟ್ಟರೆ ಪದರಗಳು ಬಿರಿದು, ಕಾಮನಬಿಲ್ಲಿನ ಬಣ್ಣದ ಹಕ್ಕಳೆಗಳಾಗಿ ಏಳುತ್ತವೆ. ಕೈ ತಾಗಿದರೆ ಪುಡಿ. ಆದ್ದರಿಂದ ಮೊದಲು ಸಿಹಿನೀರು, ಆಮೇಲೆ ಬಟ್ಟಿ ಇಳಿಸಿದ ನೀರು ಬದಲಿಸುತ್ತಾ ಉಪ್ಪು ಬಿಡಿಸಬೇಕು. ನಂತರ ಆಲ್ಕೋಹಾಲಿನಲ್ಲಿ ಅದ್ದಿ ನಿಧಾನವಾಗಿ ಒಣಗಿಸಿ, ತೆಳ್ಳಗಿನ ರಾಳದ ದ್ರಾವಣ ಕುಡಿಸಿ ಪದರಗಳನ್ನು ಹಿಡಿದಿಡಬೇಕು. ಜಗಳ ಶುರುವಾಗುವುದು ಅಂಟಿನ ಡಬ್ಬಿ ತೆರೆದ ಮೇಲೆ.

ಪರ

ಚೂರಿಗೆ ಆಕಾರವಿಲ್ಲ ಎಂಬುದೇ ಜೋಡಿಸುವವರ ಮೊದಲ ವಾದ. ಬಾಯಂಚು, ತಳ, ಹಿಡಿಕೆ, ಕೆತ್ತನೆ ಎಂದು ರಾಶಿ ಬೇರ್ಪಡಿಸಿ, ಬಣ್ಣ ಮತ್ತು ದಪ್ಪ ನೋಡಿ ಕೂಡಿಸಿದಾಗಲೇ ಹನ್ನೊಂದನೇ ಶತಮಾನದ ಇಸ್ಲಾಮಿ ಗಾಜುಗಾರರು ಏನೇನು ಊದುತ್ತಿದ್ದರೆಂಬುದು ಕಣ್ಣಿಗೆ ಬಿತ್ತು. ಸಂಗ್ರಹಗಳಲ್ಲಿ ಅದೇ ಕಾಲದ್ದೆನ್ನುವ ಇಡೀ ಪಾತ್ರೆಗಳು ಇಲ್ಲವೆಂದಲ್ಲ. ಆದರೆ ಹಲವು ವ್ಯಾಪಾರಿಗಳ ಕೈದಾಟಿ ಬಂದವು. ಎಲ್ಲಿಯವು, ಯಾವಾಗಿನವು ಎಂದು ಹೇಳುವವರಿಲ್ಲ. ಇಲ್ಲಿ ಹಾಗಲ್ಲ. ಹಡಗಿನಲ್ಲೇ ಸಿಕ್ಕ ಫಾತಿಮಿ ಖಲೀಫರ ಕಾಲದ ಗಾಜಿನ ತೂಕದ ಬಿಲ್ಲೆಗಳು 1020ರ ದಶಕವನ್ನು ಬೆರಳಿಟ್ಟು ತೋರಿಸುತ್ತವೆ. ಈ ಹೂಜಿಗಳು ಬೇರೆ ಕಡೆಯ ಹೂಜಿಗಳ ಕಾಲ ಗುರುತಿಸಲು ಅಳತೆಗೋಲಾಗುತ್ತವೆ.

ಟಿಕೆಟ್ ಕೊಂಡು ಬಂದವರು ಚೂರಿನ ರಾಶಿಯ ಮುಂದೆ ಎಷ್ಟು ಹೊತ್ತು ನಿಂತಾರು ಎಂಬ ಮಾತೂ ಇದೆ. ನಿಜವೇ.

ವಿರೋಧ

ಎದುರು ಪಕ್ಷದ ವಾದ ಇನ್ನೂ ಹರಿತ. ಹಡಗು ಹೊತ್ತದ್ದು ಹೂಜಿಯನ್ನಲ್ಲ, ಗುಜರಿಯನ್ನು. ಸಾವಿರ ವರ್ಷದ ಹಿಂದೆಯೇ ಗಾಜಿನ ಮರುಬಳಕೆ ಕಡಲು ದಾಟುವ ದೊಡ್ಡ ವ್ಯಾಪಾರವಾಗಿತ್ತು ಎಂಬುದೇ ಈ ಸರಕಿನ ಕಥೆ. ಥಳಥಳಿಸುವ ಹೂಜಿ ಆ ಕಥೆಯನ್ನೇ ಮುಚ್ಚುತ್ತದೆ.

ಅಂಟಿನ ತೊಂದರೆಯೂ ಸಣ್ಣದಲ್ಲ. ಎಪಾಕ್ಸಿ ಅಂಟು ಗಾಜಿನಷ್ಟೇ ತಿಳಿಯಾಗಿ ಕಂಡರೂ ಎಷ್ಟೋ ಬಗೆಯವು ವರ್ಷ ಕಳೆದಂತೆ ಹಳದಿಯಾಗುತ್ತವೆ. ಬಿಡಿಸಲು ಹೋದರೆ ಸವೆದ ಪದರವೂ ಕಿತ್ತು ಬರುತ್ತದೆ. ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ ಅಸಿಟೋನಿನಲ್ಲಿ ಕರಗುತ್ತದೆ ನಿಜ, ಆದರೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಬಿಸಿಯೇರಿದ ಪ್ರದರ್ಶನ ಪೆಟ್ಟಿಗೆಯಲ್ಲಿ ಬೆಸುಗೆ ಜಾರಬಹುದು. ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಬೆಳೆದ ಸಿಲಿಕೋನ್ ತುಂಬುವ ವಿಧಾನ ಗಟ್ಟಿಯೇನೋ ಹೌದು, ಒಮ್ಮೆ ತುಂಬಿದ್ದನ್ನು ಹಿಂದೆಗೆಯುವಂತಿಲ್ಲ.

ಜೋಡಿಸದ ಗಾಜೂ ಮಾತಾಡಬಲ್ಲದು ಎಂಬುದಕ್ಕೆ ಉಲುಬುರುನ್ ಹಡಗೇ ಉದಾಹರಣೆ. ಕ್ರಿ.ಪೂ. 1300ರ ಸುಮಾರಿಗೆ ಅದೇ ಕರಾವಳಿಯಲ್ಲಿ ಮುಳುಗಿದ ಆ ಹಡಗಿನಲ್ಲಿ ಕಡುನೀಲಿ, ವೈಡೂರ್ಯ ಬಣ್ಣದ ಸುಮಾರು 175 ಗಾಜಿನ ಗಟ್ಟಿಗಳಿದ್ದವು. ಪಾತ್ರೆಯ ರೂಪವಿಲ್ಲದ ಆ ಗಟ್ಟಿಗಳ ರಾಸಾಯನಿಕ ಪರೀಕ್ಷೆಯೇ ಈಜಿಪ್ಟಿನ ಗಾಜಿನೊಂದಿಗೆ ನಂಟು ತೋರಿಸಿಕೊಟ್ಟಿತು. ರಾಳ ಕುಡಿಸದ ಚೂರು ನಾಳೆಯ ಪರೀಕ್ಷೆಗೆ ಬೇಕು ಎನ್ನುವವರ ಕೈಯಲ್ಲಿರುವ ಗಟ್ಟಿ ಸಾಕ್ಷ್ಯ ಇದು. ನೀರಡಿಯ ಪರಂಪರೆಯ ಕುರಿತ ಯುನೆಸ್ಕೋದ 2001ರ ಒಪ್ಪಂದವಂತೂ ವಸ್ತುವನ್ನು ಇದ್ದಲ್ಲೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆನ್ನುತ್ತದೆ.

ಎರಡನ್ನೂ ತೂಗಿದರೆ ತಕ್ಕಡಿ ಸ್ವಲ್ಪ ವಿರೋಧದ ಕಡೆಗೇ ವಾಲುತ್ತದೆ. ಒಂದೊಂದು ಆಕಾರಕ್ಕೆ ಒಂದೆರಡು ಪಾತ್ರೆ ಜೋಡಿಸಿದರೆ ಸಾಕು, ಅದೂ ಬಿಡಿಸಬಹುದಾದ ಅಂಟಿನಲ್ಲಿ. ಉಳಿದ ಲಕ್ಷಾಂತರ ಚೂರುಗಳು ಉಪ್ಪು ಕಳೆದುಕೊಂಡು, ಗುರುತುಚೀಟಿ ಹೊತ್ತು ಪೆಟ್ಟಿಗೆಯಲ್ಲೇ ಇರಲಿ. ಜೋಡಿಸಿದ ಹೂಜಿಯ ಪಕ್ಕದಲ್ಲಿ ಇದು ಗುಜರಿಯ ಸರಕು ಎಂಬ ಫಲಕ ಕಡ್ಡಾಯವಾಗಿ ಇರಬೇಕು.